ಔಷಧಿ ಕಂಡುಹಿಡಿಯೋ ಪಿಎಚ್‌ಡಿ: ನೀವು ಕೇಳಿದ್ದು, ನಾನು ಹೇಳೋದು

ಎಂ.ಎಸ್ಸಿ ಆದ್ಮೇಲೆ ಮುಂದೇನು ಅಂತ ಹೋದ ತಿಂಗಳು ಬರೆದಾಗ ಕೊನೇಲಿ ಒಂದು ಸಾಲು ಸೇರಿಸಿದ್ದೆ, ಔಷಧ ಸಂಶೋಧನೆಲೂ ಪಿಎಚ್‌ಡಿ ಮಾಡಬಹುದು ಅಂತ. ಆ ಒಂದು ಸಾಲಿಗೇ ಇಷ್ಟು ಪತ್ರ ಬರತ್ತೆ ಅಂದ್ಕೊಂಡಿರ್ಲಿಲ್ಲ. ಹೆಚ್ಚಿನವು ಹಾಸನ, ಚಿಕ್ಕಮಗಳೂರು ಕಡೆಯವೇ. ಬೆಂಗಳೂರಲ್ಲಿ ಮೆಡಿಸಿನಲ್ ಕೆಮಿಸ್ಟ್ರಿ ಲ್ಯಾಬಲ್ಲಿ ಕೆಲಸ ಮಾಡಿದವಳು ನಾನು, ಹಾಗಾಗಿ ನನಗೆ ಗೊತ್ತಿರೋ ಕಡೆಯಿಂದ ಹೇಳ್ತೀನಿ. ಒಂದೇ ಥರದ ಪ್ರಶ್ನೆಗಳನ್ನ ಒಟ್ಟು ಮಾಡಿದೀನಿ.

ಪ್ರಶ್ನೆ: ಮೇಡಂ ನಮಸ್ತೆ. ನಾನು ಹಾಸನದಲ್ಲಿ ಎಂ.ಎಸ್ಸಿ ಕೆಮಿಸ್ಟ್ರಿ ಕೊನೇ ವರ್ಷ. ನಮ್ಮಮ್ಮಂಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ, ಬೆಳಗ್ಗೆ ಎದ್ರೆ ಬೆರಳು ಮಡಚೋಕಾಗಲ್ಲ. ಡ್ರಗ್ ಡಿಸ್ಕವರಿಲಿ ಪಿಎಚ್‌ಡಿ ಮಾಡಿ ಅದಕ್ಕೊಂದು ಒಳ್ಳೆ ಔಷಧಿ ಕಂಡುಹಿಡೀಬೇಕು ಅಂತ ಆಸೆ. ಐದು ವರ್ಷ ಸಾಕಾಗತ್ತಾ? ಅಲ್ಲಿ ದಿನಾ ಏನು ಕೆಲಸ ಇರತ್ತೆ?
(ಹೆಸರು ಬೇಡ ಅಂದಿದಾರೆ, ಹಾಸನ)

ಉತ್ತರ: ಸಾಕಾಗಲ್ಲ ಕಣಮ್ಮ. ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಬೇಜಾರಾಗೋದು ಬೇಡ. ನಿಮ್ಮಮ್ಮನ ಕಾಯಿಲೆಗೇ ಬಂದಿರೋ ಒಂದು ಮಾತ್ರೆ ಕಥೆ ಕೇಳು, ಟೋಫಾಸಿಟಿನಿಬ್ ಅಂತ. 1990ರ ದಶಕದ ಮೊದಲರ್ಧದಲ್ಲಿ ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನಲ್ಲಿ ಜಾನ್ ಓಶೇ ಅವರ ಲ್ಯಾಬು ಜಾಕ್-3 ಅನ್ನೋ ಪ್ರೋಟೀನ್ ಬೆನ್ನು ಹತ್ತಿತ್ತು. ಬಿಳಿ ರಕ್ತಕಣದ ಒಳಗೆ ಉರಿಯೂತದ ಸಂದೇಶ ದಾಟಿಸೋ ಪ್ರೋಟೀನ್ ಕುಟುಂಬ ಅದು, ಅದನ್ನ ತಡೆದ್ರೆ ಕೀಲಿನ ಉರಿ ಇಳೀಬಹುದು ಅಂತ ಫೈಜರ್ ಕಂಪನಿಯವರು ಕೈ ಹಾಕಿದ್ರು, ಮಾತ್ರೆಗೆ ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2012ರ ನವೆಂಬರಲ್ಲಿ. ಸುಮಾರು ಇಪ್ಪತ್ತು ವರ್ಷ ಆಯ್ತಲ್ಲ. ಅಲ್ಲಿಗೂ ಮುಗೀಲಿಲ್ಲ, ಮಾರ್ಕೆಟ್ಟಿಗೆ ಬಂದ್ಮೇಲೆ ನಡೆಸಿದ ದೊಡ್ಡ ಅಧ್ಯಯನದಲ್ಲಿ ಹೃದಯಾಘಾತ, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟೋದು ಇವುಗಳ ಅಪಾಯ ಕಾಣಿಸಿ 2021ರಲ್ಲಿ ಎಫ್‌ಡಿಎ ಎಚ್ಚರಿಕೆ ಬಿಗಿ ಮಾಡ್ತು. ಈ ಇಡೀ ಕಥೆಲಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ ಪಾಲು ಅಂದ್ರೆ ಒಂದು ಸಣ್ಣ ತುಂಡು. ಆ ತುಂಡನ್ನ ಬೇರೆ ಯಾರೂ ಅಲ್ಲಾಡ್ಸೋಕಾಗದ ಹಾಗೆ ಗಟ್ಟಿ ಮಾಡಿ ಕೊಡೋದೇ ಪಿಎಚ್‌ಡಿ.

ದಿನಾ ಏನ್ ಕೆಲಸ ಅಂದ್ರೆ, ನೀನು ಕೆಮಿಸ್ಟ್ರಿ ಕಡೆಯಿಂದ ಹೋದ್ರೆ ಬೆಳಗ್ಗೆ ರಿಯಾಕ್ಷನ್ ಹಾಕು, ಅದು ಎಲ್ಲಿಗೆ ಬಂತು ಅಂತ ಟಿಎಲ್‌ಸಿ ಪ್ಲೇಟಲ್ಲಿ ನೋಡು, ಮಧ್ಯಾಹ್ನ ಕಾಲಮ್ಮಲ್ಲಿ ಶುದ್ಧ ಮಾಡು, ಸಂಜೆ ರಚನೆ ತಿಳಿಯೋಕೆ ಎನ್‌ಎಂಆರ್‌ಗೆ ಸ್ಯಾಂಪಲ್ ಕೊಡು, ಬಂದ ಸ್ಪೆಕ್ಟ್ರಮ್ ನೋಡಿ ನೀನು ಅಂದ್ಕೊಂಡ ಕಾಂಪೌಂಡ್ ಇದಲ್ಲವೇ ಅಲ್ಲ ಅಂತ ಗೊತ್ತಾಗಿ ಮಾರನೇ ದಿನ ಮತ್ತೆ ಶುರು ಮಾಡು. ಹಾಗೂ ಹೀಗೂ ಒಂದಷ್ಟು ಕಾಂಪೌಂಡ್ ಆದ್ಮೇಲೆ ಬಯಾಲಜಿಯವರಿಗೆ ಕೊಡ್ತೀಯ, ಅವರು ಆ ಪ್ರೋಟೀನನ್ನ ಅರ್ಧಕ್ಕೆ ತಡೆಯೋಕೆ ಎಷ್ಟು ಬೇಕು ಅಂತ ಅಳೆದು ಐಸಿ-50 ಅನ್ನೋ ನಂಬರ್ ಕೊಡ್ತಾರೆ. ಈ ಮೂಲೆಗೆ ಫ್ಲೋರಿನ್ ಹಾಕಿದ್ರೆ ಏನಾಯ್ತು, ಅಲ್ಲಿ ಮೀಥೈಲ್ ತೆಗೆದ್ರೆ ಏನಾಯ್ತು ಅಂತ ಒಂದು ಟೇಬಲ್ ಬೆಳೀತಾ ಹೋಗತ್ತೆ. ಹೊಸಬರಿಗೆಲ್ಲ ಈ ನಂಬರ್ ಚಿಕ್ಕದಾದಷ್ಟೂ ಖುಷಿ. ಅನುಭವ ಇರೋ ಗೈಡ್ ಅದನ್ನ ನೋಡಿ ಕೇಳೋ ಪ್ರಶ್ನೆಗಳೇ ಬೇರೆ: ನೀರಲ್ಲಿ ಕರಗತ್ತಾ, ಲಿವರ್ ಕಿಣ್ವಗಳು ಇದನ್ನ ಅರ್ಧ ಗಂಟೆಲಿ ಪುಡಿ ಮಾಡಿಬಿಡ್ತಾವಾ, ಹೃದಯದ ಬಡಿತ ಕಾಯೋ ಹರ್ಗ್ ಚಾನೆಲ್ ಮುಟ್ಟತ್ತಾ.

ಹರ್ಗ್ ಬಗ್ಗೆ ಎರಡು ಮಾತು ಜಾಸ್ತಿ ಹೇಳ್ಬೇಕು. ಟರ್ಫೆನಡಿನ್ ಅಂತ ಒಂದು ಅಲರ್ಜಿ ಮಾತ್ರೆ ಇತ್ತು, ತುಂಬಾ ಮಾರಾಟ ಆಗ್ತಿತ್ತು. ಸಾಮಾನ್ಯವಾಗಿ ಲಿವರ್ ಅದನ್ನ ಬೇಗ ಬೇರೆ ಪದಾರ್ಥವಾಗಿ ಬದಲಾಯಿಸಿಬಿಡ್ತಿತ್ತು, ಆದ್ರೆ ಜೊತೆಗೆ ಎರಿಥ್ರೊಮೈಸಿನ್ ಥರದ ಔಷಧಿ ತಗೊಂಡ್ರೆ ಆ ಕಿಣ್ವ ಕೆಲಸ ಮಾಡ್ದೆ ಮೂಲ ಮಾತ್ರೆ ರಕ್ತದಲ್ಲೇ ಉಳಿದು ಈ ಹರ್ಗ್ ಚಾನೆಲ್ ತಡೆದು ಹೃದಯದ ಬಡಿತ ತಪ್ಪಿ ಜನ ಸತ್ತರು. 1990ರ ದಶಕದ ಕೊನೆಗೆ ಅದನ್ನ ವಾಪಸ್ ತಗೊಂಡ್ರು. ಸ್ವಾರಸ್ಯ ಏನಂದ್ರೆ ಲಿವರ್ ಬದಲಾಯಿಸಿ ಕೊಡ್ತಿದ್ದ ಆ ಪದಾರ್ಥವೇ ಅಲರ್ಜಿಗೆ ಕೆಲಸ ಮಾಡ್ತಿತ್ತು, ಹೃದಯಕ್ಕೂ ತೊಂದ್ರೆ ಕೊಡ್ತಿರ್ಲಿಲ್ಲ. ಅದೇ ಫೆಕ್ಸೊಫೆನಡಿನ್, ಮೆಡಿಕಲ್ ಶಾಪಲ್ಲಿ ಅಲೆಗ್ರಾ ಅಂತ ಕೇಳ್ತೀವಲ್ಲ ಅದು. ಈಗ ಹೊಸ ಕಾಂಪೌಂಡ್ ಏನೇ ಬರಲಿ, ಹರ್ಗ್ ಟೆಸ್ಟ್ ಮಾಡದೆ ಮುಂದಕ್ಕೆ ಹೋಗಲ್ಲ.

ಹಾಗಾಗಿ ಐದು ವರ್ಷದಲ್ಲಿ ನೀನು ಕಲಿಯೋದು ಮುಖ್ಯವಾಗಿ ಯಾವ ಕಾಂಪೌಂಡನ್ನ ಕೈಬಿಡಬೇಕು, ಯಾವಾಗ ಬಿಡಬೇಕು, ಯಾವ ಪುರಾವೆ ಮೇಲೆ ಬಿಡಬೇಕು ಅನ್ನೋದು. ಮನುಷ್ಯರ ಮೇಲೆ ಪರೀಕ್ಷೆಗೆ ಅಂತ ಹೋದ ಔಷಧಿಗಳಲ್ಲೇ ಹತ್ತಕ್ಕೆ ಒಂದು ಆಸುಪಾಸು ಮಾತ್ರ ಒಪ್ಪಿಗೆ ತನಕ ಬರ್ತಾವೆ, ಅದಕ್ಕೆ ಮುಂಚೆ ಲ್ಯಾಬಲ್ಲೇ ಬಿದ್ದು ಹೋದವು ಲೆಕ್ಕಕ್ಕೇ ಇಲ್ಲ. ಇದು ಕೇಳಿ ಆಸೆ ಬತ್ತಲಿಲ್ಲ ಅಂದ್ರೆ ನೀನು ಬಾ. ಅಮ್ಮನ ಕಾಯಿಲೆ ನೋಡಿ ಬಂದೆ ಅನ್ನೋದು ಒಳ್ಳೆ ಕಾರಣವೇ, ಅದನ್ನ ಇಂಟರ್‌ವ್ಯೂಲಿ ಒಂದೇ ಸಾಲಲ್ಲಿ ಹೇಳು, ಉಳಿದ ಟೈಮಲ್ಲಿ ನಿನ್ನ ಎಂ.ಎಸ್ಸಿ ಪ್ರಾಜೆಕ್ಟಲ್ಲಿ ಯಾವ ರಿಯಾಕ್ಷನ್ ಕೆಲಸ ಮಾಡ್ಲಿಲ್ಲ, ಯಾಕೆ ಮಾಡ್ಲಿಲ್ಲ ಅಂತ ಹೇಳು. ಅವರು ಕೇಳೋದು ಅದನ್ನೇ.

ಪ್ರಶ್ನೆ: ಅರಸೀಕೆರೆಯವನು ಮೇಡಂ, ಬಿ.ಫಾರ್ಮ್ ಮುಗೀತಾ ಬಂತು. ಜಿಪ್ಯಾಟ್ ಬರೀಲಾ, ನೆಟ್ ಬರೀಲಾ? ನೈಪರ್ ಒಳ್ಳೇದಾ, ಸಿಎಸ್‌ಐಆರ್ ಲ್ಯಾಬ್ ಒಳ್ಳೇದಾ? ಮನೇಲಿ ದುಡ್ಡು ಹಾಕೋ ಸ್ಥಿತಿ ಇಲ್ಲ.

ಉತ್ತರ: ಎರಡೂ ಬರಿ ಕಣಪ್ಪ, ಒಂದರ ಓದು ಇನ್ನೊಂದಕ್ಕೆ ಸ್ವಲ್ಪ ಆಗತ್ತೆ. ಜಿಪ್ಯಾಟ್ ಅಂದ್ರೆ ಎಂ.ಫಾರ್ಮ್ ಪ್ರವೇಶ ಪರೀಕ್ಷೆ, ಅದು ಪಾಸಾದ್ರೆ ಎಂ.ಫಾರ್ಮ್‌ಗೆ ತಿಂಗಳಿಗೆ 12,400 ರೂಪಾಯಿ ಸ್ಕಾಲರ್‌ಶಿಪ್, ಮಾನ್ಯತೆ ಇರೋ ಕಾಲೇಜಲ್ಲಿ ಸೇರಿದ್ರೆ. ನೈಪರ್ ಅನ್ನೋ ಕೇಂದ್ರ ಸರ್ಕಾರದ ಔಷಧ ಶಿಕ್ಷಣ ಸಂಸ್ಥೆಗಳ ಬಾಗಿಲೂ ತೆರೆಯತ್ತೆ. ನೈಪರ್‌ಗಳು ದೇಶದಲ್ಲಿ ಏಳಿವೆ, ಮೊಹಾಲಿದು ಮೊದಲನೇದು, ಹೈದರಾಬಾದಿಂದು ನಮಗೆ ಹತ್ತಿರ, ಕರ್ನಾಟಕದಲ್ಲಿ ಒಂದೂ ಇಲ್ಲ, ಯಾಕಿಲ್ಲ ಅಂತ ಕೇಳ್ಬೇಕಾದವರು ಕೇಳಿಲ್ಲ, ಬಿಡು. ಇನ್ನು ಕೇಂದ್ರದ ವಿಜ್ಞಾನ ಸಂಶೋಧನಾ ಮಂಡಳಿ ಸಿಎಸ್‌ಐಆರ್‌ನ ನೆಟ್ ಪರೀಕ್ಷೆಗೆ ಬಿ.ಫಾರ್ಮ್‌ನವರೂ ಕೂರಬಹುದು ಅನ್ನೋದು ನಮ್ಮ ಕಡೆ ಹುಡುಗರಿಗೆ ಗೊತ್ತೇ ಇರಲ್ಲ. ಲೈಫ್ ಸೈನ್ಸಸ್ ಪೇಪರ್ ತಗೋ. ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್ ಬಂತು ಅಂದ್ರೆ 2023ರ ಜನವರಿಯಿಂದ ಜಾರಿಯಾದ ದರದಲ್ಲಿ ತಿಂಗಳಿಗೆ 37,000, ಎರಡು ವರ್ಷ ಆದ್ಮೇಲೆ ಸೀನಿಯರ್ ಆದ್ರೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಇದು ನಿನ್ನ ಹೆಸರಿಗೇ ಬರೋ ದುಡ್ಡು, ಗೈಡ್ ಪ್ರಾಜೆಕ್ಟ್ ಮುಗೀತು ಅಂತ ನಿಲ್ಲಲ್ಲ. ಹಾಗಾಗಿ ಜೆಆರ್‌ಎಫ್ ಇರೋ ಹುಡುಗನ್ನ ಲ್ಯಾಬ್‌ನವರು ಮಾತಾಡಿಸೋ ರೀತಿನೇ ಬೇರೆ ಇರತ್ತೆ, ನೋಡ್ತೀಯಂತೆ. ವಯಸ್ಸಿನ ಮಿತಿ ಇದೆ, ಮೀಸಲಾತಿ ಇರೋರಿಗೆ, ಹೆಣ್ಣುಮಕ್ಕಳಿಗೆ ಸಡಿಲಿಕೆ ಇದೆ, ಆ ವರ್ಷದ ನೋಟಿಫಿಕೇಶನ್ ನೋಡ್ಕೋ. ಐಸಿಎಂಆರ್ (ವೈದ್ಯಕೀಯ ಸಂಶೋಧನಾ ಮಂಡಳಿ), ಡಿಬಿಟಿ (ಜೈವಿಕ ತಂತ್ರಜ್ಞಾನ ಇಲಾಖೆ) ಇವರೂ ಜೆಆರ್‌ಎಫ್ ಕೊಡ್ತಾರೆ.

ಯಾವ್ದು ಒಳ್ಳೇದು ಅಂತ ಕೇಳಿದೀಯ. ಲಖನೌದ ಸಿಡಿಆರ್‌ಐ 1951ರಿಂದ ಇರೋ ಸಿಎಸ್‌ಐಆರ್ ಲ್ಯಾಬು, ಔಷಧ ಸಂಶೋಧನೆಗೇ ಅಂತ ಕಟ್ಟಿದ್ದು. ನಿಮ್ಮೂರಿನ ಆಶಾ ಕಾರ್ಯಕರ್ತೆಯರು ಛಾಯಾ ಅಂತ ವಾರಕ್ಕೊಂದು ತಗೊಳ್ಳೋ ಗರ್ಭನಿರೋಧಕ ಮಾತ್ರೆ ಕೊಡ್ತಾರಲ್ಲ, ಅದರೊಳಗಿರೋ ಸೆಂಟ್‌ಕ್ರೋಮನ್ ಅಲ್ಲೇ ಹುಟ್ಟಿದ್ದು, ಮೊದಲು ಸಹೇಲಿ ಅಂತ ಬಂತು. ರಾಸಾಯನಿಕದಿಂದ ಹಿಡಿದು ಪ್ರಾಣಿ ಪರೀಕ್ಷೆ ತನಕ ಒಂದೇ ಆವರಣದಲ್ಲಿ ನೋಡ್ಬೇಕು ಅಂದ್ರೆ ಅಂಥ ಜಾಗ. ಹೈದರಾಬಾದಿನ ಐಐಸಿಟಿ, ಪುಣೆಯ ಎನ್‌ಸಿಎಲ್ ಇವೂ ಸಿಎಸ್‌ಐಆರ್ ಲ್ಯಾಬ್‌ಗಳೇ, ಕೆಮಿಸ್ಟ್ರಿಗೆ ಗಟ್ಟಿ. ಹತ್ತಿರದಲ್ಲೇ ಬೇಕು ಅಂದ್ರೆ ಬೆಂಗಳೂರಿನ ಐಐಎಸ್ಸಿ, ಜೆಎನ್‌ಸಿಎಎಸ್‌ಆರ್, ಫಾರ್ಮಸಿ ಕಡೆಗೆ ಮೈಸೂರಿನ ಜೆಎಸ್‌ಎಸ್, ಮಣಿಪಾಲ. ಆದ್ರೆ ಬೋರ್ಡ್ ನೋಡಿ ಸೇರ್ಬೇಡ. ಒಂದೇ ಸಂಸ್ಥೆ ಒಳಗೆ ಒಂದು ಲ್ಯಾಬಲ್ಲಿ ಹುಡುಗರು ನಗ್ತಾ ಇರ್ತಾರೆ, ಪಕ್ಕದ ಬಾಗಿಲಲ್ಲಿ ಏಳನೇ ವರ್ಷದವನು ಗೋಡೆ ನೋಡ್ಕೊಂಡು ಕೂತಿರ್ತಾನೆ. ಸೇರೋ ಮುಂಚೆ ಆ ಲ್ಯಾಬಿನ ಹಳೇ ವಿದ್ಯಾರ್ಥಿ ಒಬ್ಬರಿಗೆ ಫೋನ್ ಮಾಡು. ಎಷ್ಟು ವರ್ಷಕ್ಕೆ ಮುಗೀತು, ಈಗ ಎಲ್ಲಿದೀರ, ಮತ್ತೆ ಅವಕಾಶ ಸಿಕ್ಕರೆ ಅದೇ ಗೈಡ್ ಹತ್ರ ಸೇರ್ತೀರಾ, ಈ ಮೂರೇ ಕೇಳು. ಮೂರನೇದಕ್ಕೆ ಅವರು ಉತ್ತರ ಕೊಡೋಕೆ ಮುಂಚೆ ಎಷ್ಟು ಹೊತ್ತು ಸುಮ್ಮನಿರ್ತಾರೆ ಅನ್ನೋದರಲ್ಲೇ ಎಲ್ಲಾ ಇರತ್ತೆ.

ಪ್ರಶ್ನೆ: ಫಾರ್ಮ್ ಡಿ ಮಾಡಿದ್ರೂ ಡಾಕ್ಟರ್, ಪಿಎಚ್‌ಡಿ ಮಾಡಿದ್ರೂ ಡಾಕ್ಟರ್. ಆರು ವರ್ಷದಲ್ಲಿ ಆಗೋದನ್ನ ಬಿಟ್ಟು ಹತ್ತು ವರ್ಷ ಯಾಕೆ ಓದ್ಬೇಕು? (ಬೇಲೂರು)

ಉತ್ತರ: ಎರಡೂ ಬೇರೆ ಬೇರೆ ದಾರಿ. ಫಾರ್ಮ್ ಡಿ ಆಸ್ಪತ್ರೆಲಿ ರೋಗಿಗೆ ಕೊಟ್ಟ ಔಷಧಿ ಸರಿಯಾಗಿದೆಯಾ, ಡೋಸ್ ಎಷ್ಟು, ಒಂದಕ್ಕೊಂದು ಹೊಂದತ್ತಾ ಅಂತ ನೋಡೋ ವೃತ್ತಿ ಕೋರ್ಸು, ಐದು ವರ್ಷ ಓದು ಒಂದು ವರ್ಷ ಇಂಟರ್ನ್‌ಶಿಪ್, ನಮ್ಮ ದೇಶದಲ್ಲಿ 2008ರಲ್ಲಿ ಶುರುವಾಯ್ತು. ಸಂಶೋಧನೆ ಬೇಕು ಅಂದ್ರೆ ಅದಾದ್ಮೇಲೂ ಪಿಎಚ್‌ಡಿ ಮಾಡಬಹುದು, ಕ್ಲಿನಿಕಲ್ ಟ್ರಯಲ್ ಕಡೆಗೆ ಹೋಗೋರಿಗೆ ಒಳ್ಳೇ ಬುನಾದಿ. ಹೆಸರಿನ ಹಿಂದೆ ಎರಡು ಅಕ್ಷರಕ್ಕೆ ಅಂತ ಮಾಡೋದಾದ್ರೆ ಯಾವುದೂ ಬೇಡ.

ಪ್ರಶ್ನೆ: ಮೇಡಂ, ಮೂಡಿಗೆರೆ ಹತ್ರ ನಮ್ಮದು ಸಣ್ಣ ಕಾಫಿ ತೋಟ. ಮಗಳು ಎಂ.ಎಸ್ಸಿ ಬಯೋಕೆಮಿಸ್ಟ್ರಿ ಮುಗ್ಸಿ ಡ್ರಗ್ ಡೆವಲಪ್‌ಮೆಂಟ್‌ನಲ್ಲಿ ಪಿಎಚ್‌ಡಿ ಮಾಡ್ತೀನಿ ಅಂತಾಳೆ. ಮುಗಿಯೋ ಹೊತ್ತಿಗೆ ಇಪ್ಪತ್ತೊಂಬತ್ತು ಆಗತ್ತೆ, ಮದುವೆ ಯಾವಾಗ? ಒಬ್ಬ ಏಜೆಂಟ್ ಯುರೋಪಲ್ಲಿ ಸೀಟ್ ಕೊಡಿಸ್ತೀನಿ, ಇಪ್ಪತ್ತೈದು ಲಕ್ಷ ಆಗತ್ತೆ ಅಂತಿದಾನೆ. ತೋಟದ ಮೇಲೆ ಸಾಲ ತೆಗೀಲಾ? ಮುಗಿಸಿದ್ಮೇಲೆ ಕೆಲಸ ಸಿಗತ್ತಾ?

ಉತ್ತರ: ಸಾರ್, ಮೊದಲು ಸಾಲದ ಮಾತು. ತೆಗೀಬೇಡಿ. ಈ ವಿಷಯದಲ್ಲಿ ನಿಜವಾದ ಪಿಎಚ್‌ಡಿಗೆ ನಿಮ್ಮಿಂದ ದುಡ್ಡು ತಗೊಳಲ್ಲ, ನಿಮ್ಮ ಮಗಳಿಗೇ ದುಡ್ಡು ಕೊಡ್ತಾರೆ. ಅಮೆರಿಕದ ಒಳ್ಳೆ ವಿಶ್ವವಿದ್ಯಾಲಯಗಳಲ್ಲಿ ಈ ಥರದ ಪಿಎಚ್‌ಡಿ ಸೇರಿದೋರಿಗೆ ಫೀಸ್ ಮನ್ನಾ, ಮೇಲೆ ಸ್ಟೈಪೆಂಡ್. ಯುರೋಪಲ್ಲಿ ಎಷ್ಟೋ ದೇಶಗಳಲ್ಲಿ ಪಿಎಚ್‌ಡಿ ಅಂದ್ರೆ ಸಂಬಳದ ಕೆಲಸ, ಪೋಸ್ಟ್ ಅಂತ ಜಾಹೀರಾತು ಹಾಕ್ತಾರೆ. ಮಾರಿ ಕ್ಯೂರಿ ಹೆಸರಿನ ಡಾಕ್ಟೋರಲ್ ನೆಟ್‌ವರ್ಕ್‌ಗಳು ಅಂತ ಯುರೋಪಿಯನ್ ಯೂನಿಯನ್ನಿನದು ಇದೆ, ಅದರಲ್ಲಿ ಔಷಧ ಸಂಶೋಧನೆ ವಿಷಯಗಳು ಬರ್ತಾವೆ, ಯಾವ ದೇಶದವರೂ ಅರ್ಜಿ ಹಾಕಬಹುದು, ಸೇರೋಕೆ ಹಿಂದಿನ ಮೂರು ವರ್ಷದಲ್ಲಿ ಆ ದೇಶದಲ್ಲಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು ಅನ್ನೋ ನಿಯಮ ನಮ್ಮ ಮಕ್ಕಳಿಗೆ ಅನುಕೂಲವೇ. ಅರ್ಜಿ ಹಾಕೋದು ಮಗಳೇ, ಪ್ರೊಫೆಸರ್‌ಗೆ ಈಮೇಲ್ ಮಾಡೋದೂ ಮಗಳೇ. ಮಧ್ಯದಲ್ಲಿ ಏಜೆಂಟಿಗೆ ಕೆಲಸವೇ ಇಲ್ಲ. ಇಪ್ಪತ್ತೈದು ಲಕ್ಷ ಅಂತ ಅವನು ಹೇಳ್ತಿರೋದು ಬಹುಶಃ ಮಾಸ್ಟರ್ಸ್ ಸೀಟಿಗೆ, ಒಂದ್ಸಲ ಕಾಗದದಲ್ಲಿ ಬರ್ಕೊಡು ಅಂತ ಕೇಳಿ ನೋಡಿ.

ಮದುವೆ ವಿಷಯ ನಾನು ಹೇಳೋಳಲ್ಲ, ಆದ್ರೆ ಒಂದು ಮಾಹಿತಿ ಇರಲಿ. ಯುಜಿಸಿಯ 2022ರ ಪಿಎಚ್‌ಡಿ ನಿಯಮದ ಪ್ರಕಾರ ಕಮ್ಮಿ ಅಂದ್ರೆ ಮೂರು ವರ್ಷ, ಸಾಮಾನ್ಯವಾಗಿ ಗರಿಷ್ಠ ಆರು, ಹೆಣ್ಣುಮಕ್ಕಳಿಗೆ ಅದರ ಮೇಲೆ ಹೆಚ್ಚುವರಿ ಎರಡು ವರ್ಷದ ಸಡಿಲಿಕೆ, 240 ದಿನದ ತನಕ ಹೆರಿಗೆ ಅಥವಾ ಮಗು ನೋಡ್ಕೊಳ್ಳೋ ರಜೆ. ಮದುವೆ ಆದ್ರೆ ಓದು ನಿಲ್ಲಬೇಕು ಅಂತ ಯಾವ ಕಾನೂನಲ್ಲೂ ಇಲ್ಲ, ಬರೋ ಅಳಿಯನ ಮನೆಯವರಿಗೂ ಇದನ್ನ ಮೊದಲೇ ಹೇಳಿ. ಅರೇಬಿಕಾ ನೆಟ್ಟು ಮೊದಲ ಫಸಲಿಗೆ ಮೂರ್ನಾಲ್ಕು ವರ್ಷ ಕಾಯೋದು ನಿಮಗೆ ಹೊಸದಲ್ಲ, ಇದೂ ಅಷ್ಟೇ, ಆದ್ರೆ ಇಲ್ಲಿ ಕಾಯೋವಾಗಲೂ ಕೈಗೆ ಕಾಸು ಬರತ್ತೆ.

ಕೆಲಸ ಅಂದ್ರೆ, ಬೆಂಗಳೂರೇ ಇದೆಯಲ್ಲ. ಸಿಂಜೀನ್, ಆರಿಜೀನ್, ಜುಬಿಲಂಟ್ ಬಯೋಸಿಸ್, ಆಂಥೆಮ್, ಬೊಮ್ಮಸಂದ್ರ ಜಿಗಣಿ ಕಡೆ ಹೋದ್ರೆ ಬೇರೆ ದೇಶದ ಕಂಪನಿಗಳಿಗೆ ಸಂಶೋಧನೆ ಮಾಡಿಕೊಡೋ ಲ್ಯಾಬ್‌ಗಳು ಸಾಲಾಗಿವೆ. ಹೈದರಾಬಾದಿನ ಜೀನೋಮ್ ವ್ಯಾಲಿ ಇನ್ನೊಂದು. ಈ ಲ್ಯಾಬ್‌ಗಳಲ್ಲಿ ಎಂ.ಎಸ್ಸಿಯವರೇ ಜಾಸ್ತಿ, ಪಿಎಚ್‌ಡಿಯವರು ತಂಡ ನಡೆಸೋ ಜಾಗದಲ್ಲಿ ಇರ್ತಾರೆ, ಹಾಗಾಗಿ ಪಿಎಚ್‌ಡಿ ಆದ ತಕ್ಷಣ ಕೆಲಸ ಸಿಗೋದು ಕೆಲವೊಮ್ಮೆ ಎಂ.ಎಸ್ಸಿಗಿಂತ ಕಷ್ಟ, ಹೊರಗೆ ಎರಡು ಮೂರು ವರ್ಷ ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ನಂತರದ ಸಂಶೋಧನೆ, ಮಾಡಿ ಬಾ ಅಂತಾರೆ. ಮಗಳು ಡೆವಲಪ್‌ಮೆಂಟ್ ಅಂತ ಹೇಳಿದಾಳೆ ಅಂದ್ರೆ ಅದು ಸ್ವಲ್ಪ ಬೇರೆ ಬದಿ, ಔಷಧಿ ದೇಹದಲ್ಲಿ ಎಷ್ಟು ಹೊತ್ತು ಇರತ್ತೆ, ವಿಷ ಎಷ್ಟು, ಮಾತ್ರೆ ರೂಪಕ್ಕೆ ತರೋದು ಹೇಗೆ, ಟ್ರಯಲ್ ಹೇಗೆ ನಡೆಸೋದು ಇವೆಲ್ಲ. ಅದರಲ್ಲಿ ಕೆಲಸ ಸಿಗೋದು ಸುಲಭ ಅಂತ ನನ್ನ ಅಂದಾಜು, ಔಷಧ ನಿಯಂತ್ರಣದ ಫೈಲ್ ಕೆಲಸ, ಪೇಟೆಂಟ್ ಕೆಲಸ ಇಂಥವೂ ಇವೆ. ಸಂಬಳ ಸಾಫ್ಟ್‌ವೇರ್‌ಗೆ ಹೋಲಿಸಿದ್ರೆ ಕಮ್ಮಿನೇ, ಅದನ್ನ ಮುಚ್ಚಿಟ್ಟು ಪ್ರಯೋಜನ ಇಲ್ಲ.

ಪ್ರಶ್ನೆ: ನಮ್ಮ ಕೊಪ್ಪ, ಎನ್.ಆರ್. ಪುರ ಕಡೆ ಬೇಸಿಗೆ ಬಂತು ಅಂದ್ರೆ ಮಂಗನ ಕಾಯಿಲೆ ಭಯ. ಚಂದ್ರನ ಮೇಲೆ ಹೋದೋರಿಗೆ ಇದಕ್ಕೊಂದು ಔಷಧಿ ಕಂಡುಹಿಡಿಯೋಕೆ ಆಗ್ಲಿಲ್ವಾ? ಇದರ ಮೇಲೇ ಪಿಎಚ್‌ಡಿ ಮಾಡ್ಬೇಕು ಅಂತ ಇದೆ, ಆಗತ್ತಾ ಮೇಡಂ? (ಎಂ.ಎಸ್ಸಿ ಬಯೋಟೆಕ್ನಾಲಜಿ ವಿದ್ಯಾರ್ಥಿ, ಕೊಪ್ಪ)

ಉತ್ತರ: ಬಂದ ಪತ್ರಗಳಲ್ಲಿ ನನಗೆ ಇಷ್ಟವಾದ ಪ್ರಶ್ನೆ ಇದು, ಅದಕ್ಕೆ ಉದ್ದ ಆಗತ್ತೆ, ತಾಳ್ಮೆ ಇರಲಿ. ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಮಂಗಗಳು ಸಾಯೋಕೆ ಶುರುವಾದಾಗ ಪತ್ತೆಯಾದ ವೈರಸ್ಸು, ಉಣುಗಿನಿಂದ ಹರಡೋದು, ಕಾಯಿಲೆ ಬಂದೋರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯ್ತಾರೆ ಅಂತ ಲೆಕ್ಕ. ಇಷ್ಟು ವರ್ಷ ಆದ್ರೂ ಈ ವೈರಸ್ಸನ್ನೇ ಹೊಡೆಯೋ ಔಷಧಿ ಇಲ್ಲ. ಜ್ವರ ಇಳಿಸೋದು, ಡ್ರಿಪ್ ಹಾಕೋದು, ರಕ್ತಸ್ರಾವ ನೋಡ್ಕೊಳ್ಳೋದು ಇಷ್ಟೇ. ಹಳೇ ಲಸಿಕೆ ಪರಿಣಾಮ ಸಾಲಲ್ಲ ಅಂತ ನಿಲ್ಲಿಸಿದ್ರು, ಐಸಿಎಂಆರ್ ಕಡೆಯಿಂದ ಹೊಸ ಲಸಿಕೆ ಕೆಲಸ ನಡೀತಿದೆ. ಕಾಡಿಗೆ ಹೋಗೋರಿಗೆ ಉಣುಗು ಹತ್ತದ ಹಾಗೆ ಡೇಪಾ ಎಣ್ಣೆ ಹಚ್ಕೊಳಿ ಅನ್ನೋದೇ ಈಗಲೂ ಮುಖ್ಯ ಸಲಹೆ.

ವಿಜ್ಞಾನದಲ್ಲಿ ಆಗಲ್ವಾ ಅಂದ್ರೆ ಆಗತ್ತೆ. ಇದು ಡೆಂಗಿ ವೈರಸ್ಸಿನ ಗುಂಪಿಗೇ ಸೇರಿದ್ದು, ಫ್ಲೇವಿವೈರಸ್. ತನ್ನ ಪ್ರತಿ ಮಾಡ್ಕೊಳ್ಳೋಕೆ ಎನ್‌ಎಸ್-5 ಅನ್ನೋ ಪಾಲಿಮರೇಸ್, ಪ್ರೋಟೀನ್ ಸರಪಳಿ ಕತ್ತರಿಸೋಕೆ ಎನ್‌ಎಸ್-3 ಅನ್ನೋ ಪ್ರೋಟಿಯೇಸ್ ಇಟ್ಕೊಂಡಿದೆ. ಇದರ ದೂರದ ನೆಂಟ ಹೆಪಟೈಟಿಸ್ ಸಿ ವೈರಸ್. ಅದರ ಪಾಲಿಮರೇಸನ್ನ ತಡೆಯೋ ಸೊಫೊಸ್ಬುವಿರ್ 2013ರಲ್ಲಿ ಬಂತು, ಈಗ ಬೇರೊಂದು ಔಷಧಿ ಜೊತೆ ಸೇರಿಸಿ ಹನ್ನೆರಡು ವಾರ ಮಾತ್ರೆ ತಗೊಂಡ್ರೆ ಹೆಚ್ಚಿನವರಲ್ಲಿ ಆ ವೈರಸ್ಸೇ ಹೋಗಿಬಿಡತ್ತೆ. ಅಂದ್ರೆ ಈ ಥರದ ಕಿಣ್ವಕ್ಕೆ ಬೀಗ ಹಾಕೋದು ಸಾಧ್ಯ ಅಂತ ಈಗಾಗಲೇ ತೋರಿಸಿದಾರೆ.

ಅಡ್ಡಿ ಇರೋದು ಬೇರೆ ಕಡೆ. ಜೀವಂತ ವೈರಸ್ ಬೆಳೆಸಿ ಔಷಧಿ ಹಾಕಿ ನೋಡೋಕೆ ಭಾರೀ ಭದ್ರತೆ ಇರೋ ಲ್ಯಾಬ್ ಬೇಕು, ಪುಣೆಯ ವೈರಸ್ ಸಂಶೋಧನಾ ಸಂಸ್ಥೆ ಎನ್‌ಐವಿಯಲ್ಲಿ ಬಿಎಸ್‌ಎಲ್-4 ಅನ್ನೋ ಅತಿ ಹೆಚ್ಚು ಭದ್ರತೆಯ ಲ್ಯಾಬ್ ಇದೆ, ಅಂಥದು ಎಲ್ಲಾ ಕಡೆ ಇರಲ್ಲ. ಆಮೇಲೆ ಟ್ರಯಲ್. ವರ್ಷಕ್ಕೆ ಬರೋ ರೋಗಿಗಳೇ ಕೆಲವು ನೂರು, ಅದೂ ಕಾಡಂಚಿನ ಹಳ್ಳಿಗಳಲ್ಲಿ ಚದುರಿಕೊಂಡು, ಒಂದು ವರ್ಷ ಇಲ್ಲಿ ಜಾಸ್ತಿ ಮುಂದಿನ ವರ್ಷ ಇನ್ನೆಲ್ಲೋ. ಆಸ್ಪತ್ರೆಗೆ ಬರೋ ಹೊತ್ತಿಗೆ ಜ್ವರ ಬಂದು ನಾಲ್ಕೈದು ದಿನ ಆಗಿರತ್ತೆ, ವೈರಸ್ ತಡೆಯೋ ಔಷಧಿ ಯಾವಾಗ್ಲೂ ಬೇಗ ಕೊಟ್ಟಷ್ಟೂ ಒಳ್ಳೇದು. ಕೊನೇದು ದುಡ್ಡು. ಡೆಂಗಿಯಂಥ ಜಗತ್ತಿಗೆಲ್ಲ ಬರೋ ಕಾಯಿಲೆಗೇ ಏನಾಯ್ತು ನೋಡು: ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಲ್ಯಾಬಲ್ಲಿ ಶುರುವಾದ ಕೆಲಸದಿಂದ ಒಂದು ಒಳ್ಳೆ ಡೆಂಗಿ ಔಷಧಿ ಬಂದು ಜಾನ್ಸನ್ ಅಂಡ್ ಜಾನ್ಸನ್ ಅದನ್ನ ಎರಡನೇ ಹಂತದ ಟ್ರಯಲ್ ತನಕ ತಗೊಂಡು ಹೋಗಿತ್ತು, 2024ರಲ್ಲಿ ಕಂಪನಿ ತನ್ನ ಆದ್ಯತೆ ಬದಲಾಯ್ತು ಅಂತ ನಿಲ್ಲಿಸ್ತು. ಔಷಧಿಯಿಂದ ಅಪಾಯ ಆಗಿ ನಿಲ್ಲಿಸಿದ್ದಲ್ಲ. ಡೆಂಗಿಗೇ ಹೀಗೆ ಅಂದ್ರೆ ಮಲೆನಾಡಿನ ಕೂಲಿ ಜನರಿಗೆ ಬರೋ ಕಾಯಿಲೆಗೆ ಯಾವ ಕಂಪನಿ ಲೆಕ್ಕ ಹಾಕತ್ತೆ ಹೇಳು. ಸರ್ಕಾರದ ದುಡ್ಡೇ ಆಗ್ಬೇಕು, ಇಲ್ಲಾಂದ್ರೆ ಬಡವರ ಕಾಯಿಲೆಗೆ ಅಂತ 2003ರಲ್ಲಿ ಶುರುವಾದ ಡಿಎನ್‌ಡಿಐ ಥರದ ಲಾಭ ನೋಡದ ಸಂಸ್ಥೆ.

ನಿನಗೆ ಏನು ಮಾಡಬಹುದು ಅಂದ್ರೆ, ಇಡೀ ವೈರಸ್ ಮುಟ್ಟದೇನೂ ಪಿಎಚ್‌ಡಿ ಆಗತ್ತೆ. ಎನ್‌ಎಸ್-3, ಎನ್‌ಎಸ್-5 ಇವುಗಳ ಜೀನನ್ನ ಇ ಕೊಲೈ ಬ್ಯಾಕ್ಟೀರಿಯಾಗೆ ಹಾಕಿ ಪ್ರೋಟೀನ್ ಮಾಡಿಸ್ಕೋಬಹುದು, ಅದು ಕಾಯಿಲೆ ತರಲ್ಲ, ಸಾಮಾನ್ಯ ಲ್ಯಾಬಲ್ಲೇ ನಡೆಯತ್ತೆ. ಅದರ ಕೆಲಸ ಎಷ್ಟು ತಡೆದಿದೆ ಅಂತ ಅಳೆಯೋ ನಂಬಿಕೆಗೆ ಅರ್ಹ ಪರೀಕ್ಷೆ, ಅಂದ್ರೆ ಅಸ್ಸೇ, ಒಂದು ಕಟ್ಟು, ಬೇರೆ ಫ್ಲೇವಿವೈರಸ್‌ಗಳಿಗೆ ಅಂತ ಮಾಡಿದ ಕಾಂಪೌಂಡ್‌ಗಳನ್ನ ಅದರ ಮೇಲೆ ಹಾಕಿ ನೋಡು, ಕೆಲಸ ಮಾಡಿದ ಒಂದೆರಡನ್ನ ಎನ್‌ಐವಿ ಜೊತೆ ಸೇರಿ ನಿಜವಾದ ವೈರಸ್ ಮೇಲೆ ಪರೀಕ್ಷೆ ಮಾಡಿಸು. ಆ ಒಪ್ಪಂದ ಮಾಡ್ಕೊಳ್ಳೋ ಶಕ್ತಿ, ಆಸಕ್ತಿ ಇರೋ ಗೈಡ್ ಹುಡುಕೋದೇ ನಿನ್ನ ಮೊದಲ ವರ್ಷದ ಕೆಲಸ. ವೈರಾಲಜಿ, ಸ್ಟ್ರಕ್ಚರಲ್ ಬಯಾಲಜಿ ಎರಡೂ ಗೊತ್ತಿರೋ ಲ್ಯಾಬ್ ನೋಡು. ಪ್ರೊಪೋಸಲ್‌ನಲ್ಲಿ ಔಷಧಿ ಕಂಡುಹಿಡೀತೀನಿ ಅಂತ ಬರೀಬೇಡ, ಈ ಪ್ರೋಟಿಯೇಸ್‌ಗೆ ಅಸ್ಸೇ ಕಟ್ತೀನಿ ಅಂತ ಬರಿ. ಕಮಿಟಿಯವರು ಆಗ ತಲೆ ಎತ್ತಿ ನೋಡ್ತಾರೆ.

ಪ್ರಶ್ನೆ: ಸಕಲೇಶಪುರ ನಮ್ಮೂರು. ಅಜ್ಜಿ ನಾಟಿ ಮದ್ದು ಕೊಡ್ತಾರೆ. ನಮ್ಮ ಘಟ್ಟದ ಗಿಡಗಳಿಂದ ಕ್ಯಾನ್ಸರ್ ಔಷಧಿ ಸಿಗತ್ತೆ ಅಂತ ಕೇಳಿದೀನಿ, ನಿಜವಾ? ಅಜ್ಜಿ ಮದ್ದಿನ ಮೇಲೆ ಪಿಎಚ್‌ಡಿ ಮಾಡಬಹುದಾ?

ಉತ್ತರ: ನಿಜ. ನಿಮ್ಮ ಕಡೆ ಕಾಡಲ್ಲಿ ದುರ್ವಾಸನೆ ಮರ ಅಂತ ಒಂದಿದೆ, ಹೂವು ಬಿಟ್ಟಾಗ ಹತ್ರ ಹೋಗೋಕಾಗಲ್ಲ, ಅದರಲ್ಲಿ ಕ್ಯಾಂಪ್ಟೊಥೆಸಿನ್ ಅನ್ನೋ ಪದಾರ್ಥ ಇದೆ. ಇದನ್ನ ಮೊದಲು ಒಂದು ಚೀನೀ ಮರದಿಂದ ತೆಗೆದು 1966ರಲ್ಲಿ ವರದಿ ಮಾಡಿದ್ದು ಅಮೆರಿಕದಲ್ಲಿ ಮನ್ಸುಖ್ ವಾನಿ ಮತ್ತು ಮನ್ರೋ ವಾಲ್ ತಂಡ, ವಾನಿ ನಮ್ಮ ಮಹಾರಾಷ್ಟ್ರದವರು. ನಮ್ಮ ಘಟ್ಟದ ಮರದಲ್ಲೂ ಇದೆ ಅಂತ 1972ರಲ್ಲಿ ಗೋವಿಂದಾಚಾರಿ, ವಿಶ್ವನಾಥನ್ ತೋರಿಸಿದ್ರು. ಆದ್ರೆ ಮುಂದಿನ ಕಥೆ ಕೇಳು, ನೀರಲ್ಲಿ ಕರಗಲ್ಲ ಅಂತ ಅದನ್ನ ಸೋಡಿಯಂ ಲವಣ ಮಾಡಿ ರೋಗಿಗಳಿಗೆ ಕೊಟ್ರು, ಮೂತ್ರಕೋಶದಲ್ಲಿ ರಕ್ತ ಬರೋಕೆ ಶುರುವಾಗಿ 1970ರ ದಶಕದಲ್ಲಿ ಟ್ರಯಲ್ ನಿಂತೇ ಹೋಯ್ತು. ಎಲ್ಲರೂ ಕೈಬಿಟ್ಟ ಮೇಲೆ 1985ರಲ್ಲಿ ಇದು ಟೊಪೊಐಸೊಮರೇಸ್-1 ಅನ್ನೋ ಕಿಣ್ವವನ್ನ ಹಿಡಿಯತ್ತೆ ಅಂತ ಗೊತ್ತಾಯ್ತು, ಆಗ ಮತ್ತೆ ಜೀವ ಬಂತು, ರಚನೆ ತಿದ್ದಿ ಟೊಪೊಟೆಕಾನ್, ಇರಿನೊಟೆಕಾನ್ ಮಾಡಿದ್ರು, 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ. ಮರದಲ್ಲಿದ್ದದ್ದು ಹಾಗೇ ಔಷಧಿ ಆಗ್ಲಿಲ್ಲ, ಮೂವತ್ತು ವರ್ಷದ ಕೆಮಿಸ್ಟ್ರಿ ಆಯ್ತು. ಇತ್ತ ನಮ್ಮ ಮರಗಳನ್ನ ಕಡಿದು ಚಿಪ್ಸ್ ಮಾಡಿ ಸಾಗಿಸಿ ಘಟ್ಟದಲ್ಲಿ ಅದೇ ಅಪರೂಪ ಆಗಿದೆ.

ಅಜ್ಜಿ ಮದ್ದಿನ ಮೇಲೆ ಖಂಡಿತ ಕೆಲಸ ಮಾಡಬಹುದು. ಗಿಡ ಯಾವುದು ಅಂತ ಸಸ್ಯಶಾಸ್ತ್ರದವರಿಂದ ಗುರುತು ಮಾಡಿಸಿ ಒಣಗಿಸಿದ ಗಿಡಗಳನ್ನ ಕಾಪಾಡೋ ಹರ್ಬೇರಿಯಂನಲ್ಲಿ ಒಂದು ಮಾದರಿ ಇಡು, ಸಾರ ತೆಗೆದು ಅದನ್ನ ಭಾಗ ಮಾಡ್ತಾ ಯಾವ ಭಾಗದಲ್ಲಿ ಗುಣ ಇದೆ ಅಂತ ಬೆನ್ನು ಹತ್ತಿ ಕೊನೆಗೆ ಒಂದು ಶುದ್ಧ ಪದಾರ್ಥಕ್ಕೆ ಬರಬೇಕು. ಎಲೆ ಕಷಾಯ ಹಾಕಿದ್ವಿ, ಕ್ಯಾನ್ಸರ್ ಕೋಶ ಸತ್ತವು ಅಂತ ನಿಲ್ಲಿಸೋ ಥೀಸಿಸ್‌ಗಳು ಬೇಕಾದಷ್ಟಿವೆ, ಅಷ್ಟು ಗಟ್ಟಿ ಹಾಕಿದ್ರೆ ಕಾಫಿ ಡಿಕಾಕ್ಷನ್ನಿಗೂ ಕೋಶ ಸಾಯತ್ತೆ. ಇನ್ನೊಂದು, 2002ರ ಜೀವವೈವಿಧ್ಯ ಕಾಯ್ದೆ ಓದ್ಕೋ. ಪೇಟೆಂಟ್ ಕೇಳೋದು, ವಿದೇಶಿ ಲ್ಯಾಬಿಗೆ ಮಾದರಿ ಕಳಿಸೋದು ಇದ್ರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಬಾಗಿಲು ತಟ್ಟಬೇಕು. ಅಜ್ಜಿ ಹೆಸರನ್ನ ಥೀಸಿಸ್ ಕೊನೇಲಿ ಥ್ಯಾಂಕ್ಸ್ ಹೇಳೋ ಪುಟಕ್ಕೆ ಮಾತ್ರ ಇಡಬೇಡ, ತಿಳುವಳಿಕೆ ಯಾರದು ಅಂತ ಮೊದಲ ಅಧ್ಯಾಯದಲ್ಲೇ ಬರಿ, ಅವರನ್ನ ಕೇಳಿ ಒಪ್ಪಿಗೆ ತಗೊಂಡು ಬರಿ.

ಪ್ರಶ್ನೆ: ಎಐ ಬಂದಿದೆಯಲ್ಲ ಮೇಡಂ, ಇನ್ನು ಔಷಧಿ ಎಲ್ಲಾ ಕಂಪ್ಯೂಟರ್ರೇ ಮಾಡತ್ತಂತೆ. ನಾನು ಬಿ.ಇ ಕಂಪ್ಯೂಟರ್ ಸೈನ್ಸ್, ಹಾಸನ. ನನಗೆ ಈ ಕಡೆ ಜಾಗ ಇದೆಯಾ? ಲ್ಯಾಬ್ ಕೆಲಸ ಬೇಡ.

ಉತ್ತರ: ಜಾಗ ಇದೆ. ಆಲ್ಫಾಫೋಲ್ಡ್ ಅನ್ನೋ ಎಐ ಪ್ರೋಗ್ರಾಂ ಈಗ ಇಪ್ಪತ್ತು ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಆಕಾರ ಊಹಿಸಿ ಇಟ್ಟಿದೆ, ಎಲ್ಲರಿಗೂ ಫ್ರೀ, ಅದನ್ನ ಮಾಡಿದ ಡೆಮಿಸ್ ಹಸಾಬಿಸ್, ಜಾನ್ ಜಂಪರ್‌ಗೆ 2024ರ ಕೆಮಿಸ್ಟ್ರಿ ನೊಬೆಲ್ ಬಂತು, ಪ್ರೋಟೀನ್ ವಿನ್ಯಾಸ ಮಾಡೋ ಡೇವಿಡ್ ಬೇಕರ್ ಜೊತೆ. ಮೊದಲು ಒಂದು ಪ್ರೋಟೀನ್ ಆಕಾರ ತಿಳಿಯೋದೇ ಒಬ್ಬರ ಪಿಎಚ್‌ಡಿ ಆಗ್ತಿತ್ತು. ಆದ್ರೆ ಆಕಾರ ಗೊತ್ತಾದ್ರೆ ಔಷಧಿ ಬಂತು ಅಂತಲ್ಲ, ಮೇಲೆ ಹೇಳಿದ ಟರ್ಫೆನಡಿನ್ ಕಥೆಲಿ ತೊಂದ್ರೆ ಆಗಿದ್ದು ಅದು ಹಿಡೀಬೇಕಾದ ಪ್ರೋಟೀನಲ್ಲಿ ಅಲ್ಲ, ಬೇರೆ ಔಷಧಿ ಜೊತೆ ಸೇರಿದಾಗ ಲಿವರ್, ಹೃದಯದಲ್ಲಿ. ಕಂಪ್ಯೂಟರ್‌ಗೆ ಕಲಿಸೋ ಡೇಟಾ ಕೊಡೋದೂ ಲ್ಯಾಬೇ.

ಒಂದು ಎಚ್ಚರಿಕೆ. ಒಂದು ಪ್ರೋಟೀನ್ ತಗೊಂಡು ಡಾಕಿಂಗ್ ಸಾಫ್ಟ್‌ವೇರಲ್ಲಿ ನಾಲ್ಕು ಗಿಡದ ಪದಾರ್ಥ ಕೂರಿಸಿ, ಬಣ್ಣ ಬಣ್ಣದ ಚಿತ್ರ ಹಾಕಿ, ಇದು ಒಳ್ಳೆ ಔಷಧಿ ಆಗಬಹುದು ಅಂತ ಪೇಪರ್ ಬರೆಯೋದು ಈಗ ಒಂದು ಗೃಹ ಕೈಗಾರಿಕೆ ಆಗಿಬಿಟ್ಟಿದೆ. ಅಂಥ ಪಿಎಚ್‌ಡಿಗೆ ಕಂಪನಿಯವರು ಬೆಲೆ ಕೊಡಲ್ಲ. ನೀನು ಲ್ಯಾಬಿಗೆ ಕೈ ಹಾಕೋದು ಬೇಡ, ಸರಿ, ಆದ್ರೆ ನಿನ್ನ ಊಹೆಯನ್ನ ಪಕ್ಕದಲ್ಲೇ ಕೂತು ಸುಳ್ಳು ಅಂತ ತೋರಿಸಬಲ್ಲ ಲ್ಯಾಬ್ ಇರೋ ಗುಂಪಿಗೇ ಸೇರು. ಅಡ್ಮಿಷನ್‌ಗೆ ಗೇಟ್ ಬರಿ, ಅದರ ಜೊತೆ ಪಿಯುಸಿ ಕೆಮಿಸ್ಟ್ರಿ ಪುಸ್ತಕದ ಆರ್ಗ್ಯಾನಿಕ್ ಭಾಗ ಮತ್ತೆ ತೆಗೆದು ಓದು.

ಪ್ರಶ್ನೆ: ಚಿಕ್ಕಮಗಳೂರಿನವನು, ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಎರಡನೇ ವರ್ಷ. ಕೆಮಿಕಲ್ ಬರಲ್ಲ, ಗೈಡ್ ಸಿಗಲ್ಲ, ಸಿಕ್ಕರೆ ಅವರ ಕ್ಲಾಸ್ ತಗೋ, ಪೇಪರ್ ವ್ಯಾಲ್ಯುಯೇಷನ್ ಮಾಡು ಅಂತಾರೆ. ಬಿಡೋದಾ, ಮುಂದುವರಿಸೋದಾ?

ಉತ್ತರ: ನೀನೊಬ್ಬನೇ ಅಲ್ಲ ತಮ್ಮಾ, ಇದೇ ಥರ ಇನ್ನೂ ಪತ್ರ ಇವೆ. ನಿಯಮದಲ್ಲಿ ನಿನ್ನ ಕೈಲಿ ಇರೋದು ಇದು: ಪ್ರತಿ ವಿದ್ಯಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು, ಪ್ರತಿ ಸೆಮಿಸ್ಟರ್ ಅದರ ಮುಂದೆ ನೀನು ನಿನ್ನ ಕೆಲಸ ಒಪ್ಪಿಸಬೇಕು. ಆ ಸಭೆ ನಡೀತಿದೆಯಾ, ಇಲ್ಲಾ ಸಹಿ ಮಾತ್ರ ಆಗ್ತಿದೆಯಾ? ಸಹಿ ಮಾತ್ರ ಆಗ್ತಿದ್ರೆ ಸಭೆ ಕರೀರಿ ಅಂತ ಲಿಖಿತವಾಗಿ ಕೇಳು, ದೂರು ಥರ ಬೇಡ, ನನ್ನ ಪ್ರಗತಿ ತೋರಿಸ್ಬೇಕು ಅಂತ ವಿನಯವಾಗಿ. ಅಲ್ಲಿ ಯಾವ ಕೆಮಿಕಲ್ ಯಾವ ತಿಂಗಳು ಕೇಳಿದ್ದೆ, ಬಂದಿಲ್ಲ ಅನ್ನೋದು ನಡಾವಳಿಲಿ ದಾಖಲಾಗಲಿ. ಎರಡನೇ ವರ್ಷದಲ್ಲಿ ಗೈಡ್ ಬದಲಾಯಿಸೋದು ಕಷ್ಟ ಆದ್ರೂ ಆಗತ್ತೆ, ನಾಲ್ಕನೇ ವರ್ಷದಲ್ಲಿ ಆಗಲ್ಲ ಅಂತಾನೇ ಇಟ್ಕೋ. ಪ್ರೊಫೆಸರ್ ಒಬ್ಬರಿಗೆ ಎಂಟು, ಅಸೋಸಿಯೇಟ್‌ಗೆ ಆರು, ಅಸಿಸ್ಟೆಂಟ್‌ಗೆ ನಾಲ್ಕು ವಿದ್ಯಾರ್ಥಿ ಅಂತ ಮಿತಿ ಇದೆ, ಯಾರ ಹತ್ರ ಜಾಗ ಖಾಲಿ ಇದೆ ಅಂತ ಮೊದಲು ಸದ್ದಿಲ್ಲದೆ ತಿಳ್ಕೊಂಡು ಆಮೇಲೆ ಬಾಯಿ ಬಿಡು. ಆ ಜಾಗವೂ ಇಲ್ಲ, ಜೆಆರ್‌ಎಫ್ಫೂ ಇಲ್ಲ ಅಂದ್ರೆ ಬಿಟ್ಟು ಬೆಂಗಳೂರಲ್ಲಿ ಒಂದು ಲ್ಯಾಬಲ್ಲಿ ಎಂ.ಎಸ್ಸಿ ಮೇಲೆ ಕೆಲಸಕ್ಕೆ ಸೇರು, ಒಂದೆರಡು ವರ್ಷ ಕೈ ಪಳಗಿಸ್ಕೋ. ಆಮೇಲೆ ಬೇಕು ಅನ್ನಿಸಿದ್ರೆ ಮತ್ತೆ ಅರ್ಜಿ ಹಾಕು, ಕಂಪನಿ ಲ್ಯಾಬಲ್ಲಿ ಕೆಲಸ ಮಾಡಿ ಬಂದವರನ್ನ ಒಳ್ಳೆ ಗೈಡ್‌ಗಳು ಖುಷಿಯಿಂದ ತಗೋತಾರೆ. ಏನು ಮಾಡಿದೆ ಅಂತ ಒಂದು ಸಾಲು ಬರೆದು ತಿಳಿಸು.